ಗೊಂಬೆ ಹೋಯ್ತು ಅಂಗಡಿಗೆ, ಹೊಟ್ಟು ಹೋಯ್ತು ಎಲ್ಲಿಗೆ?

ಚನ್ನಪಟ್ಟಣದ ಗೊಂಬೆ ಬಗ್ಗೆ ಬರೆಯುವವರೆಲ್ಲ ಬಣ್ಣದ ಬಗ್ಗೆ ಬರೀತಾರೆ. ಅರಗಿನ ಹೊಳಪು, ಆಲೆ ಮರದ ನುಣುಪು, ಟಿಪ್ಪುವಿನ ಕಾಲದ ಕಥೆ, ಜಿಐ ಗುರುತು... ಎಲ್ಲ ಸರಿ. ಆದ್ರೆ ಆ ಗೊಂಬೆ ಕಡೆಯುವಾಗ ನೆಲಕ್ಕೆ ಬೀಳುವ ಹೊಟ್ಟಿನ ಬಗ್ಗೆ ಬರೆದವರು ಕಡಿಮೆ. ಅದೇನು ಸಣ್ಣ ಲೆಕ್ಕ ಅಲ್ಲ ನೋಡಿ. ಚೌಕದ ಮರದ ತುಂಡನ್ನು ಲೇತಿಗೆ ಕೊಟ್ಟು ಬರೀ ದುಂಡಗೆ ಮಾಡೋ ಹೊತ್ತಿಗೇ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಮರ ಸಿಪ್ಪೆಯಾಗಿ ಹೋಗಿರುತ್ತೆ. ಬಟ್ಟಲು ಕಡೆದರಂತೂ ಕೇಳಲೇಬೇಡಿ, ಕೈಗೆ ಬಂದ ಬಟ್ಟಲಿಗಿಂತ ಕಾಲ ಕೆಳಗಿನ ರಾಶಿಯೇ ದೊಡ್ಡದು!

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಆ ಊರಿನಲ್ಲಿ ಲೇತ್ ಕೆಲಸ ಇವತ್ತಿಗೂ ಎಷ್ಟೋ ಮನೆಗಳ ಒಳಗೇ, ಇಲ್ಲವೇ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ನಡೆಯುತ್ತೆ. ಈಗೀಗ ಶಹರಗಳಲ್ಲೂ ಹವ್ಯಾಸಕ್ಕೆ ಅಂತ ಗ್ಯಾರೇಜಿನಲ್ಲೋ ತಾರಸಿಯ ಶೆಡ್ಡಿನಲ್ಲೋ ಪುಟ್ಟ ಲೇತ್ ಇಟ್ಟುಕೊಂಡವರಿದ್ದಾರೆ. ಇಬ್ಬರಿಗೂ ನನ್ನ ಮಾತು ಒಂದೇ: ಹೊಟ್ಟನ್ನೆಲ್ಲ ಒಂದೇ ರಾಶಿ ಮಾಡಬೇಡಿ. ಅದರಲ್ಲಿ ಎರಡು ಜಾತಿ ಇದೆ. ಒಂದು ಆಸ್ತಿ, ಇನ್ನೊಂದು ವಿಷ.

ಉಳಿ ಹಿಡಿದಾಗ ಸುರುಳಿ ಸುರುಳಿಯಾಗಿ ಹಾರುತ್ತಲ್ಲ, ಆ ಸಿಪ್ಪೆ ಆಸ್ತಿ. ಅದು ನೆಲಕ್ಕೆ ಬೀಳುತ್ತೆ, ಗೋಣಿಚೀಲದಲ್ಲಿ ತುಂಬಿದರೆ ಮುಗೀತು. ಗಿಡದ ಬುಡಕ್ಕೆ ಹೊದಿಸಬಹುದು, ಕೋಳಿಗೂಡಿನಲ್ಲಿ ಹಾಸಬಹುದು, ಪಾರ್ಸೆಲ್ ಡಬ್ಬದಲ್ಲಿ ಥರ್ಮೋಕೋಲ್ ಬದಲು ತುಂಬಬಹುದು. ಗೊಬ್ಬರದ ಗುಂಡಿಗೂ ಹಾಕಬಹುದು, ಆದ್ರೆ ಬರೀ ಅದನ್ನೇ ಸುರಿದರೆ ವರ್ಷವಾದರೂ ಕೊಳೆಯಲ್ಲ. ಯಾಕಂದ್ರೆ ಚೆನ್ನಾಗಿ ಕೊಳೆಯೋಕೆ ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಇದ್ದರೆ ಸರಿ, ಮರದಲ್ಲಿ ಅದು ನೂರಾರು ಪಾಲು. ಸಗಣಿಯೋ ಅಡುಗೆಮನೆಯ ಹಸಿ ಕಸವೋ ಜೊತೆಗೆ ಬೇಕೇ ಬೇಕು. ಇನ್ನು ನಮ್ಮ ಹಿಂದಿನವರ ಹೊಟ್ಟಿನ ಒಲೆ ನೆನಪಿದೆಯಾ? ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿ ಮೆಲ್ಲಗೆ ಎಳೆದು ತೆಗೆದರೆ ಒಲೆ ತಯಾರು. ಬಚ್ಚಲ ಹಂಡೆಗೆ ಅದಕ್ಕಿಂತ ಅಗ್ಗದ ಉರುವಲು ಇರಲಿಲ್ಲ.

ಒಂದೇ ಷರತ್ತು. ಸಿಪ್ಪೆ ಬರೀ ಮರದ್ದಾಗಿರಬೇಕು. ಬಣ್ಣ, ವಾರ್ನಿಶ್, ಪ್ಲೈವುಡ್, ಎಂಡಿಎಫ್ ಬೆರೆತಿದ್ದರೆ ಕೋಳಿಗೂ ಬೇಡ, ಗಿಡಕ್ಕೂ ಬೇಡ, ಒಲೆಗಂತೂ ಬೇಡವೇ ಬೇಡ. ಹಾಗಾಗಿ ಬಣ್ಣ ಹಾಕುವ ಮುಂಚೆಯೇ ಒಮ್ಮೆ ಗುಡಿಸಿ ತೆಗೆದಿಡೋದು ಜಾಣತನ.

ಈಗ ಎರಡನೇ ಜಾತಿಗೆ ಬರೋಣ. ಉಪ್ಪುಕಾಗದ ಹಿಡಿದು ಉಜ್ಜುವಾಗ ಏಳುವ ನುಣ್ಣನೆ ಧೂಳು. ಇದು ನೆಲಕ್ಕೆ ಬೇಗ ಬೀಳಲ್ಲ, ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕಿನ ಹೊಗೆ ಇರೋದೂ ಅದೇ ಗುಂಪಿನಲ್ಲಿ. ಎರಡೂ ಅಷ್ಟೇ ಅಪಾಯ ಅಂತ ಇದರರ್ಥ ಅಲ್ಲ, ಸಾಕ್ಷಿ ಅಷ್ಟೇ ಗಟ್ಟಿ ಅಂತ. ಬೀಟೆ, ತೇಗದ ಧೂಳಿಗೆ ಮೈ ತುರಿಕೆ, ಉಬ್ಬಸ ಬರೋರೂ ಇದ್ದಾರೆ.

ಈಗ ಹೇಳಿ, ಈ ಧೂಳನ್ನು ಗುಡಿಸೋರು ಯಾರು? ಲೇತ್ ಮುಂದೆ ಕೂತವರು ಸಂಜೆ ಎದ್ದು ಹೋಗ್ತಾರೆ. ಪೊರಕೆ ಹಿಡಿಯೋದು ಮನೆಯ ಹೆಂಗಸರು. ಅಲ್ಲೇ ಮಗು ಆಡ್ತಾ ಇರುತ್ತೆ. ಒಣ ಪೊರಕೆ ಆಡಿಸಿದ ಕೂಡಲೇ ಕೂತಿದ್ದ ಧೂಳೆಲ್ಲ ಮತ್ತೆ ಮೂಗಿನ ಮಟ್ಟಕ್ಕೆ ಏಳುತ್ತೆ. "ಮಕ್ಕಳು ಬಾಯಿಗಿಟ್ಟರೂ ತೊಂದರೆಯಿಲ್ಲ" ಅಂತ ಹೇಳಿ ನಾವು ಹೆಮ್ಮೆಯಿಂದ ಮಾರುವ ಗೊಂಬೆ ಇದು. ಕೊಳ್ಳುವವರ ಮಗುವಿಗೆ ಇಷ್ಟು ಕಾಳಜಿ, ಮಾಡುವವರ ಮಗುವಿಗೆ ಯಾಕಿಲ್ಲ?

"ಅಜ್ಜನ ಕಾಲದಿಂದ ಮಾಡ್ತಾ ಇದ್ದೀವಿ, ಏನೂ ಆಗಿಲ್ಲ" ಅನ್ನೋ ಉತ್ತರ ಗೊತ್ತಿದ್ದದ್ದೇ. ಅಜ್ಜ ಕೈಯಿಂದ ತಿರುಗಿಸಿದ ಲೇತೇ ಬೇರೆ, ಕರೆಂಟಿನ ಮೋಟಾರು ದಿನವಿಡೀ ಎಬ್ಬಿಸುವ ಧೂಳೇ ಬೇರೆ. ಖರ್ಚಿನ ಮಾತು ನಿಜ, ಧೂಳು ಎಳೆಯುವ ಯಂತ್ರ ಎಲ್ಲರ ಕೈಗೆಟುಕಲ್ಲ. ಆದ್ರೆ ನೆಲಕ್ಕೆ ನೀರು ಚಿಮುಕಿಸಿ ಗುಡಿಸೋಕೆ, ಉಜ್ಜುವಾಗ ಎನ್-95 ಮಾಸ್ಕ್ ಹಾಕೋಕೆ, ಗಾಳಿ ಹೊರಕ್ಕೆ ಎಸೆಯುವ ಫ್ಯಾನು ಕೂರಿಸೋಕೆ ದೊಡ್ಡ ಬಂಡವಾಳ ಬೇಡ. ಆ ನುಣ್ಣನೆ ಪುಡಿಯನ್ನು ಒದ್ದೆ ಮಾಡಿ ಚೀಲ ಕಟ್ಟಿ ಬೇರೆ ಇಡಿ. ಒಣಗಿದ್ದನ್ನು ಬೆಂಕಿಗೆ ಎರಚಿದರೆ ಭಗ್ಗನೆ ಹತ್ತಿಕೊಳ್ಳುತ್ತೆ, ಹುಷಾರು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನಂತೂ ಹೊಟ್ಟಿನ ಚೀಲಕ್ಕೆ ತುರುಕಲೇಬೇಡಿ. ಮುದುಡಿದ ಎಣ್ಣೆ ಬಟ್ಟೆ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳೋದುಂಟು. ಅದನ್ನು ಬಿಡಿಸಿ ಒಣಗಲು ಹಾಕಬೇಕು.

ಬೀದಿ ಬದಿ ರಾಶಿ ಹಾಕಿ ಬೆಂಕಿ ಕೊಡೋದು ಸುಲಭದ ದಾರಿ ಅಂತ ಅನ್ನಿಸಬಹುದು. ಹಸಿರು ನ್ಯಾಯಮಂಡಳಿ 2016ರಲ್ಲೇ ಬಯಲಿನಲ್ಲಿ ಕಸ ಸುಡೋದಕ್ಕೆ 5,000 ರೂಪಾಯಿ ದಂಡ ಅಂದಿದೆ. ದಂಡದ ಮಾತು ಬಿಡಿ, ಆ ಹೊಗೆ ಕುಡಿಯೋದು ಪಕ್ಕದ ಮನೆಯವರು ತಾನೇ?

ಕಡೆಯದಾಗಿ ಒಂದು ಮಾತು. ಕರಕುಶಲಿಗಳಿಗೆ ಲೇತ್ ಕೊಡಿಸುವ ಯೋಜನೆ ಯಾವುದೇ ಇರಲಿ, ಯಾರದ್ದೇ ಇರಲಿ, ಅದರ ಪಟ್ಟಿಯಲ್ಲಿ ಧೂಳು ಎಳೆಯುವ ಯಂತ್ರವೂ ಇರಬೇಕು. ಅದಿಲ್ಲದ ಲೇತ್ ಅಂದ್ರೆ ಬ್ರೇಕ್ ಇಲ್ಲದ ಬೈಕ್ ಕೊಟ್ಟ ಹಾಗೆ. ಅದರಿಂದ ಗೊಂಬೆಗೆ ಹತ್ತು ರೂಪಾಯಿ ಜಾಸ್ತಿ ಆದರೆ ಆಗಲಿ, ಕೊಡೋಣ. ಏನಂತೀರಿ?