ಪ್ರಾರ್ಥನೆಯೂ ಇರಲಿ, ಮಾತ್ರೆಯೂ ಇರಲಿ

ಚೆನ್ನೈಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಯೇಸು ರೋಗ ವಾಸಿಮಾಡುತ್ತಾನೆ ಎನ್ನುವ ಪೋಸ್ಟರುಗಳನ್ನು ಇಲ್ಲಿ ಸುಮಾರು ನೋಡಿದ್ದೇನೆ. ಆ ನಂಬಿಕೆಯನ್ನು ಕಂಡು ನಗುವವನಲ್ಲ ನಾನು. ಹಾಸಿಗೆ ಹಿಡಿದವರಿಗೆ ಅದು ಕೊಡುವ ಧೈರ್ಯ ದೊಡ್ಡದು. ಆದರೆ 'ಪ್ರಾರ್ಥನೆ ಆಯ್ತಲ್ಲ, ಇನ್ನು ಇನ್ಸುಲಿನ್ ಯಾಕೆ?' ಅನ್ನುವವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತದೆ.

ಬೈಬಲಿನಲ್ಲೇ ನೋಡಿ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವನ್ನು ಮೊರೆಯಿಡುತ್ತಾರೆ. ಯಾಜಕರ ಹತ್ತಿರ ಹೋಗಿ ಮೈ ತೋರಿಸಿಕೊಳ್ಳಲು ಯೇಸು ಹೇಳುತ್ತಾನೆ. ರೋಗ ಹೋಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವ ಕೆಲಸ ಆಗ ಯಾಜಕರದೇ. ಹತ್ತೂ ಜನ ಗುಣವಾದರು. ತಿರುಗಿ ಬಂದು ಕಾಲಿಗೆ ಬಿದ್ದವನು ಒಬ್ಬ ಸಮಾರ್ಯದವ ಮಾತ್ರ. ನಂಬಿಕೆಯೇ ಕಾಪಾಡಿತೆಂದು ಯೇಸು ಹೇಳಿದ್ದು ಅವನೊಬ್ಬನಿಗೆ. ಅಂದಮೇಲೆ ಮೈ ವಾಸಿಯಾಗುವುದೇ ಬೇರೆ, ರಕ್ಷಣೆಯೇ ಬೇರೆ. ವಾಸಿಯಾಗದವರಿಗೆ 'ನಿನ್ನ ನಂಬಿಕೆ ಸಾಲದು' ಎಂದು ಚುಚ್ಚುವುದು ಅನ್ಯಾಯ.

ಇದೇ ಯೇಸುವನ್ನು ನಂಬಿದ ಡಾಕ್ಟರ್ ಐಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ದವಾಖಾನೆ ತೆರೆದರು. ಅದು ಬೆಳೆದು ಇವತ್ತಿನ ಸಿಎಂಸಿ ಆಗಿದೆ. ಆಕೆಯ ನಂಬಿಕೆ ಮದ್ದು ಬಿಡಿಸಲಿಲ್ಲ, ಆಸ್ಪತ್ರೆ ಕಟ್ಟಿಸಿತು.

ಪ್ರಾರ್ಥನೆ ಮಾಡಿ, ಜೊತೆಗೆ ಮಾತ್ರೆಯನ್ನೂ ನುಂಗಿ. ನೀವೇನಂತೀರಿ?