ಒಬ್ಬರೂ ಇಲ್ಲದ ಊರಿಗೆ ಒಬ್ಬ ಮೇಯರ್

ಫ್ರಾನ್ಸಿನ ಸರ್ಕಾರಿ ಜನಸಂಖ್ಯೆ ಪಟ್ಟಿ ತೆಗೆದು ನೋಡಿದರೆ ಈಶಾನ್ಯದ ಮ್ಯೂಸ್ ಜಿಲ್ಲೆಯಲ್ಲಿ ಆರು ಊರುಗಳ ಮುಂದೆ ಸೊನ್ನೆ ಅಂತ ಬರೆದಿರೋದು ಕಾಣುತ್ತೆ. ಅಚ್ಚಿನ ತಪ್ಪಲ್ಲ. ಬೋಮೋಂ, ಬೆಜೋಂವೋ, ಕುಮಿಯೇರ್, ಫ್ಲೆರಿ, ಓಮೋಂ, ಲೂವ್‌ಮೋಂ. ಆರರಲ್ಲೂ ಒಂದು ನರಪಿಳ್ಳೆ ಇಲ್ಲ. ಆದರೆ ಆರಕ್ಕೂ ಊರಿನ ಗಡಿ ಇದೆ, ಕಾನೂನಿನ ಪ್ರಕಾರ ಆರೂ ಜೀವಂತ ಊರುಗಳೇ. ಆರಕ್ಕೂ ಮೇಯರ್ ಬೇರೆ ಇದ್ದಾರೆ!

ಜನವಸತಿ ಇಲ್ಲದ ಗ್ರಾಮಕ್ಕೆ ನಮ್ಮ ಕಂದಾಯ ಇಲಾಖೆಯವರು ಬೇಚರಾಕ್ ಗ್ರಾಮ ಅಂತಾರಲ್ಲ, ಅಂದರೆ ದೀಪ ಇಲ್ಲದ ಊರು (ಪಾರಸಿಯಲ್ಲಿ ಚಿರಾಗ್ ಅಂದರೆ ದೀಪ). ಅದೇ ಜಾತಿಗೆ ಸೇರಿದವು ಇವು. ಆದರೆ ಈ ಊರುಗಳ ದೀಪ ಆರಿದ್ದು ಹೇಗೆ ಅನ್ನೋದೇ ಕಥೆ. ಆರರಲ್ಲಿ ಒಂದನ್ನೇ ತಗೊಂಡು ಹೇಳ್ತೀನಿ.

ಫ್ಲೆರಿಯ ಪೂರ್ತಿ ಹೆಸರು ಫ್ಲೆರಿ-ದೆವಾಂ-ದುವೋಮೋಂ. ದುವೋಮೋಂ ಮುಂದಿನ ಫ್ಲೆರಿ ಅಂತ ಅರ್ಥ. 1913ರಲ್ಲಿ ಇಲ್ಲಿ 422 ಜನ ಇದ್ದರು. ಹೊಲ, ಕಾಡು, ಮರದ ಕೆಲಸ, ಒಂದು ಚರ್ಚು, ಒಂದು ಸ್ಕೂಲು, ಸಣ್ಣ ರೈಲ್ವೆ ಸ್ಟೇಷನ್ನು. ಇತಿಹಾಸದ ಪುಸ್ತಕದಲ್ಲಿ ಹೆಸರು ಬರಬೇಕಾದ ಯಾವ ಕಾರಣವೂ ಇಲ್ಲದ ಊರು. ಪಾಪ, ಅದರ ಗ್ರಹಚಾರಕ್ಕೆ ಅದು ಇದ್ದದ್ದು ವೆರ್ಡನ್ ಪಟ್ಟಣಕ್ಕೆ ಹೋಗುವ ದಾರಿಯ ದಿಬ್ಬದ ಮೇಲೆ, ಕೋಟೆಗಳ ನಡುವೆ.

1916ರ ಫೆಬ್ರವರಿ 21ಕ್ಕೆ ಜರ್ಮನರು ವೆರ್ಡನ್ ಮೇಲೆ ಶೆಲ್ ಸುರಿಯೋಕೆ ಶುರು ಮಾಡಿದರು. ಹಳ್ಳಿಯವರು ಕೈಗೆ ಸಿಕ್ಕಿದ್ದು ತಗೊಂಡು ಹೊರಟರು. ನಾಲ್ಕೇ ದಿನದಲ್ಲಿ ದುವೋಮೋಂ ಕೋಟೆ ಬಿತ್ತು. ಜೂನ್ 23ಕ್ಕೆ ಜರ್ಮನ್ ಸೈನ್ಯ ಫ್ಲೆರಿಗೆ ನುಗ್ಗಿತು. ಆಮೇಲೆ ಎರಡು ತಿಂಗಳು ಆ ಊರು ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ. ಒಟ್ಟು 16 ಸಲ ಕೈ ಬದಲಾಯಿತು ಅಂತ ಲೆಕ್ಕ. ಆಗಸ್ಟ್‌ನಲ್ಲಿ ಫ್ರೆಂಚರು ಕೊನೇ ಸಲ ಗೆದ್ದುಕೊಂಡಾಗ ಗೆಲ್ಲೋಕೆ ಅಲ್ಲಿ ಊರೇ ಇರಲಿಲ್ಲ. ಗೋಡೆ ಬಿದ್ದ ಮನೆಗಳೂ ಅಲ್ಲ, ಬರೀ ಮಣ್ಣು ಮತ್ತು ಗುಂಡಿ. ಆ ವರ್ಷದ ಡಿಸೆಂಬರ್ ತನಕ ನಡೆದ ಆ ಯುದ್ಧದಲ್ಲಿ ಎರಡೂ ಕಡೆ ಸೇರಿ ಸತ್ತವರು ಸುಮಾರು 3 ಲಕ್ಷ. ಹತ್ತಿರದ ದುವೋಮೋಂ ಅಸ್ಥಿಮಂದಿರದಲ್ಲಿ ಹೆಸರೇ ಗೊತ್ತಿಲ್ಲದ 1,30,000 ಸೈನಿಕರ ಮೂಳೆಗಳಿವೆ. ಫ್ರೆಂಚ್ ಯಾವುದು ಜರ್ಮನ್ ಯಾವುದು ಅಂತ ಬೇರೆ ಮಾಡೋಕಾಗಲಿಲ್ಲ. 2013ರಲ್ಲಿ ಕೂಡ ಫ್ಲೆರಿಯ ಮಣ್ಣಿನಲ್ಲಿ 26 ಫ್ರೆಂಚ್ ಸೈನಿಕರ ಅವಶೇಷ ಸಿಕ್ಕಿತು.

ಯುದ್ಧ ಮುಗಿದ ಮೇಲೆ ಸರ್ಕಾರ ಈ ಜಾಗವನ್ನ "ಕೆಂಪು ವಲಯ"ಕ್ಕೆ ಸೇರಿಸಿತು. ಸಿಡಿಯದ ಶೆಲ್ಲು, ವಿಷಾನಿಲದ ಗುಂಡು, ಹೂಳದ ಹೆಣ. ಉಳುಮೆ ಇಲ್ಲ, ಮನೆ ಕಟ್ಟೋ ಹಾಗಿಲ್ಲ. ಜಮೀನನ್ನ ಸರ್ಕಾರವೇ ಕೊಂಡು ಪೈನ್ ಮರ ನೆಡಿಸಿತು. ನೂರು ವರ್ಷ ಕಳೆದರೂ ಆ ಕಾಡಿನಲ್ಲಿ ದಾರಿ ಬಿಟ್ಟು ಆಚೆ ಹೋಗಬೇಡಿ ಅನ್ನೋ ಬೋರ್ಡುಗಳಿವೆ. ಊರುಗಳಿಗೆ ಮಾತ್ರ ಸೈನಿಕರಿಗೆ ಕೊಡೋ ಬಿರುದನ್ನೇ ಕೊಟ್ಟರು, "ಫ್ರಾನ್ಸಿಗಾಗಿ ಮಡಿದದ್ದು" ಅಂತ. 1919ರಲ್ಲಿ ಕಾನೂನು ಮಾಡಿ ಇವುಗಳ ಆಡಳಿತವನ್ನೂ ಉಳಿಸಿದರು. ಮತದಾರರೇ ಇಲ್ಲದ ಮೇಲೆ ಚುನಾವಣೆ ಎಲ್ಲಿಂದ ಬರಬೇಕು? ಅದಕ್ಕೇ ನಮ್ಮ ಡೀಸಿ ಥರದ ಅಧಿಕಾರಿ ಮೂರು ಜನರ ಸಮಿತಿ ನೇಮಿಸ್ತಾರೆ, ಅದರ ಅಧ್ಯಕ್ಷರೇ ಮೇಯರ್ ಸ್ಥಾನದಲ್ಲಿ ಇರ್ತಾರೆ. ಸ್ಮಾರಕ, ಪ್ರಾರ್ಥನಾ ಮಂದಿರ, ಕಾಲುದಾರಿ ನೋಡಿಕೊಳ್ಳೋದು, ವರ್ಷಕ್ಕೊಮ್ಮೆ ನೆನಪಿನ ಕಾರ್ಯಕ್ರಮ ಮಾಡೋದು ಅವರ ಕೆಲಸ.

ಇದು ದಂಡದ ಕೆಲಸ ಅಂತ ವಾದ ಮಾಡಬಹುದು. ನನಗೆ ಹಾಗನ್ನಿಸೋಲ್ಲ. ಊರು ಅಂದರೆ ತಲೆ ಎಣಿಕೆ ಅಷ್ಟೇ ಅಂತ ಒಪ್ಪಿಕೊಂಡರೆ, ಊರನ್ನ ಖಾಲಿ ಮಾಡಿಸಿದವರು ಅದನ್ನ ನಕ್ಷೆಯಿಂದಲೂ ಅಳಿಸಬಹುದು ಅಂತ ಒಪ್ಪಿಕೊಂಡ ಹಾಗೆ. ಫ್ರೆಂಚರು ಹಾಗೆ ಮಾಡಲಿಲ್ಲ, ಒಳ್ಳೇದೇ ಆಯ್ತು.

ನನ್ನ ತಕರಾರು ಇರೋದು ಆ ಬಿರುದಿನ ಬಗ್ಗೆ. "ಮಡಿದದ್ದು" ಅಂದಾಗ ಊರಿನ ಜನವೂ ಮಡಿದರು ಅನ್ನೋ ಹಾಗೆ ಕಿವಿಗೆ ಬೀಳುತ್ತೆ. ಇಲ್ಲ ಸ್ವಾಮಿ, ಆ ಮಣ್ಣಲ್ಲಿ ಸತ್ತವರು ಎಲ್ಲೆಲ್ಲಿಂದಲೋ ಬಂದ ಸೈನಿಕರು. 422 ಜನ ಮೊದಲೇ ಊರು ಬಿಟ್ಟಿದ್ದರು. ಅವರಿಗೂ ಅವರ ಮಕ್ಕಳಿಗೂ ಮುಂದೆ ಒಂದು ಜೀವನ ಇತ್ತು, ಬೇರೆ ಯಾವುದೋ ಊರಲ್ಲಿ, ಬೇರೆಯವರ ನೆರೆಹೊರೆಯಲ್ಲಿ. ವಾಪಸ್ ಬರೋ ದಾರಿ ಮಾತ್ರ ಮುಚ್ಚಿತ್ತು. ಶೆಲ್ ತುಂಬಿದ ನೆಲದಲ್ಲಿ ಸಂಸಾರ ಮಾಡಿ ಅಂತ ಯಾರೂ ಹೇಳೋಕಾಗಲ್ಲ, ಅದು ಸರಿ. ಆದರೆ ಸೈನಿಕನ ಬಿರುದು ನೆಲಕ್ಕೆ ಸಿಕ್ಕಿ, ಆ ನೆಲ ಕಳಕೊಂಡ ಬದುಕಿದ್ದವರು ಕಥೆಯಿಂದ ಹೊರಗೆ ಉಳಿದರಲ್ಲ, ಅದು ನನಗೆ ಜೀರ್ಣ ಆಗಲ್ಲ.

ಇನ್ನೊಂದು ವಿಚಿತ್ರ ನೋಡಿ. ನಾಶವಾದ ಊರು ಒಟ್ಟು ಒಂಬತ್ತು. ಆರು ಹಾಗೇ ಉಳಿದವು. ಓರ್ನ್, ದುವೋಮೋಂ, ವೋ ಈ ಮೂರಕ್ಕೆ ಮಾತ್ರ ಒಂದಷ್ಟು ಜನ ಹಿಂದಿರುಗಿ ಹೇಗೋ ಮನೆ ಕಟ್ಟಿಕೊಂಡರು. ಅಷ್ಟು ಕಷ್ಟಪಟ್ಟು ಬದುಕಿಸಿಕೊಂಡ ದುವೋಮೋಂ ಮತ್ತು ವೋ 2019ರ ಜನವರಿ 1ಕ್ಕೆ ಒಂದರಲ್ಲೊಂದು ವಿಲೀನ ಆದವು! ಜನ ಕಮ್ಮಿ ಇರೋ ಪುಟ್ಟ ಊರುಗಳನ್ನ ಒಟ್ಟು ಸೇರಿಸೋದು ಆ ಹೊತ್ತಿಗೆ ಫ್ರಾನ್ಸಿನಲ್ಲೆಲ್ಲ ನಡೀತಿತ್ತು. 2015ರ ಆರಂಭದಲ್ಲಿ 36,658 ಇದ್ದ ಸ್ಥಳೀಯ ಆಡಳಿತಗಳು ನಾಲ್ಕು ವರ್ಷದಲ್ಲಿ 35,000ಕ್ಕಿಂತ ಕೆಳಗೆ ಇಳಿದವು. ಸ್ಕೂಲು ಮುಚ್ಚಿ, ಅಂಗಡಿ ಮುಚ್ಚಿ, ಹುಡುಗರೆಲ್ಲ ಪಟ್ಟಣ ಸೇರಿ ನಿಧಾನವಾಗಿ ಸೊರಗಿದ ಹಳ್ಳಿಗೆ ಯಾವ ಬಿರುದೂ ಇಲ್ಲ. ಅದಕ್ಕೆ ಒಂದು ಠರಾವು, ಒಂದು ಹೊಸ ಬೋರ್ಡು, ಮುಗೀತು. ಶೆಲ್ ಬಿದ್ದು ಒಂದೇ ವರ್ಷದಲ್ಲಿ ಹೋದ ಊರಿಗೆ ಮಾತ್ರ ಶಾಶ್ವತ ಮೇಯರ್. ಇಬ್ಬರಿಗೂ ಮೇಯರ್ ಕೊಡಿ ಅಂತ ನಾನು ಹೇಳ್ತಿಲ್ಲ :-) ಆದರೆ ಹತ್ತು ಮನೆ ಉಳಿದ ಊರಿನವರಿಗೆ ಖಾಲಿ ಊರಿಗಿರೋ ಮರ್ಯಾದೆ ನೋಡಿ ಹೊಟ್ಟೆ ಉರಿದರೆ ತಪ್ಪು ಅನ್ನೋಕಾಗುತ್ತಾ?

ಇವತ್ತು ಫ್ಲೆರಿಗೆ ಹೋದವರಿಗೆ ಕಾಣೋದು ಗುಂಡಿಗಳ ಮೇಲೆ ಬೆಳೆದ ಹುಲ್ಲು, ಮರಗಳು, ಚರ್ಚ್ ಇದ್ದ ಜಾಗದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ. ರೈಲ್ವೆ ಸ್ಟೇಷನ್ ಇದ್ದಲ್ಲಿ 1967ರಲ್ಲಿ ತೆರೆದ ವೆರ್ಡನ್ ಸ್ಮಾರಕ ಮ್ಯೂಸಿಯಂ ಇದೆ. ಹಳೇ ಬೀದಿಗಳ ಜಾಡಿನಲ್ಲಿ ಅಲ್ಲಲ್ಲಿ ಗುರುತು ನೆಟ್ಟಿದ್ದಾರೆ, ಇಲ್ಲಿ ಬೇಕರಿ ಇತ್ತು, ಇಲ್ಲಿ ಕಮ್ಮಾರ ಇದ್ದ, ಇಲ್ಲಿ ಸ್ಕೂಲು, ಇಲ್ಲೊಬ್ಬ ರೈತನ ಮನೆ ಅಂತ. ನನ್ನ ಕೇಳಿದರೆ ಆ ಊರಿನ ಅತ್ಯಂತ ಪ್ರಾಮಾಣಿಕ ಸ್ಮಾರಕ ಅದೇ. ಅಲ್ಲಿ ದೇಶ ಇಲ್ಲ, ತ್ಯಾಗ ಇಲ್ಲ, ಬ್ರೆಡ್ ಮಾಡೋನು ಇದ್ದಾನೆ. ಆ ಗುರುತುಗಳಲ್ಲಿ ಒಂದೊಂದು ಸಾಲು ಜಾಸ್ತಿ ಇರಬೇಕು: 1916ರ ಫೆಬ್ರವರಿಯಲ್ಲಿ ಈ ಮನೆಯಿಂದ ಎಷ್ಟು ಜನ ಹೊರಟರು, ಕೊನೆಗೆ ಯಾವ ಊರಲ್ಲಿ ಒಲೆ ಹಚ್ಚಿದರು ಅಂತ.