ಕಾಯಕದ ಮಾತು, ಕೂಲಿಯ ಲೆಕ್ಕ

ಬಸವ ಜಯಂತಿ ಬಂತೆಂದರೆ ದೊಡ್ಡ ಕಾರ್ಖಾನೆಗಳ ಸಭಾಂಗಣಗಳಲ್ಲಿ ಕಾಯಕತತ್ತ್ವದ ಉಪನ್ಯಾಸಗಳು ಏರ್ಪಡುತ್ತವೆ. ನೌಕರರು ಕೆಲಸವನ್ನು ಪೂಜೆಯೆಂದು ಬಗೆಯಬೇಕು, ಹೊತ್ತು ಮೀರಿ ದುಡಿಯಲು ಹಿಂಜರಿಯಬಾರದು ಎಂಬುದೇ ಬಹುಪಾಲು ಉಪನ್ಯಾಸಗಳ ಸಾರ. ದುಡಿಯುವವನ ಕರ್ತವ್ಯವನ್ನಷ್ಟೇ ಬೋಧಿಸಿ, ದುಡಿಸಿಕೊಳ್ಳುವವನ ಹೊಣೆಯನ್ನು ಮರೆಯುವುದು ಶರಣರ ತತ್ತ್ವಕ್ಕೆ ಎಸಗುವ ಅಪಚಾರವೆಂದು ನನ್ನ ಅಭಿಪ್ರಾಯ. ಇದಕ್ಕೆ ದೂರದ ನಿದರ್ಶನ ಬೇಡ. ನಮ್ಮ ನಾಡಿನ ಎಚ್‌.ಎಂ.ಟಿ. ನೌಕರರ ಅನುಭವವೇ ಸಾಕು.

ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಸ್ಥಾಪಿತವಾದ ಈ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಗೆ ತೊಡಗಿತು. ಅನಂತರ ತುಮಕೂರಿನಲ್ಲಿಯೂ ಗಡಿಯಾರದ ಕಾರ್ಖಾನೆ ತಲೆಯೆತ್ತಿತು. ಜಾಲಹಳ್ಳಿಯ ಸುತ್ತ ವಸತಿಗೃಹ, ಶಾಲೆ, ಆಸ್ಪತ್ರೆಗಳಿಂದ ಕೂಡಿದ ಒಂದು ಊರೇ ಬೆಳೆಯಿತು. ಜೋಡಣೆಯ ಕೆಲಸವೆಂಬುದು ಸಾಮಾನ್ಯವಾದುದಲ್ಲ. ಕಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಕೂದಲೆಳೆಯಂತಹ ಸುರುಳಿಯನ್ನು ಚಿಮುಟದಲ್ಲಿ ಹಿಡಿದು ಅದರ ನೆಲೆಯಲ್ಲಿ ಕೂರಿಸಬೇಕು. ಧೂಳಿನ ಒಂದು ಕಣ ಬಿದ್ದರೂ ಗಡಿಯಾರ ತಪ್ಪು ಹೊತ್ತು ತೋರುತ್ತದೆ. ಈ ಕೆಲಸದಲ್ಲಿ ನೂರಾರು ಹೆಣ್ಣುಮಕ್ಕಳು ತಮ್ಮ ಕಣ್ಣುಗಳನ್ನು ಸವೆಸಿದರು. ಅಂಧರು ಬೆರಳಿನಿಂದ ಮುಟ್ಟಿ ಹೊತ್ತನ್ನು ಅರಿಯುವ ಬ್ರೈಲ್ ಗಡಿಯಾರಗಳೂ ಇಂತಹ ಕೈಗಳಿಂದಲೇ ಸಿದ್ಧವಾದವು. ಇದನ್ನು ಕಾಯಕವೆನ್ನದೆ ಬೇರೇನೆನ್ನಬೇಕು?

ಸರ್ಕಾರಿ ಉದ್ಯಮಗಳು ನೌಕರರ ಸೋಮಾರಿತನದಿಂದ ಮುಳುಗಿದವೆಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಸೋಮಾರಿಗಳು ಎಲ್ಲಿಲ್ಲ! ಆದರೆ 1987ರಲ್ಲಿ ಟೈಟಾನ್ ಕ್ವಾರ್ಟ್ಜ್ ಗಡಿಯಾರಗಳೊಡನೆ ಮಾರುಕಟ್ಟೆಗೆ ಬಂದಾಗ, ಕೀಲಿ ಕೊಡುವ ಗಡಿಯಾರಗಳನ್ನೇ ನೆಚ್ಚಿಕೊಂಡಿರಬೇಕೆಂದು ತೀರ್ಮಾನಿಸಿದವರು ಜೋಡಣೆಯ ಮೇಜಿನ ಮುಂದೆ ಕುಳಿತವರಲ್ಲ. ಆ ತೀರ್ಮಾನ ಆಡಳಿತದ ಕೊಠಡಿಗಳಲ್ಲಿ ಆದದ್ದು. ಅದರ ಫಲವನ್ನು ಉಂಡವರು ಮಾತ್ರ ಮೇಜಿನವರು. ಕಡೆಕಡೆಗೆ ಸಂಬಳಕ್ಕೂ ಕೇಂದ್ರ ಸರ್ಕಾರದ ಸಾಲವನ್ನು ಎದುರು ನೋಡಬೇಕಾದ ಸ್ಥಿತಿ ಒದಗಿತು.

2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಎಚ್‌.ಎಂ.ಟಿ. ವಾಚಸ್ ಸೇರಿದಂತೆ ಮೂರು ಅಂಗಸಂಸ್ಥೆಗಳನ್ನು ಮುಚ್ಚಲು ಒಪ್ಪಿಗೆಯಿತ್ತು, ಸುಮಾರು 427 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ಸ್ವಯಂನಿವೃತ್ತಿಯ ಪರಿಹಾರವನ್ನು 2007ರ ವೇತನಶ್ರೇಣಿಯ ಆಧಾರದ ಮೇಲೆ ಲೆಕ್ಕಹಾಕಬೇಕೆಂದಾಯಿತು. ಕಡತದ ಭಾಷೆಯಲ್ಲಿ ಇದಕ್ಕೆ ಕಾಲ್ಪನಿಕ ವೇತನಶ್ರೇಣಿಯೆಂದು ಹೆಸರು. ಶಬ್ದಗಳ ನಡುವೆಯೇ ದಿನ ಕಳೆಯುವ ನನ್ನಂಥವನಿಗೂ ಈ ಹೆಸರು ಎದೆಗೆ ಚುಚ್ಚಿತು. ಒಂಬತ್ತು ವರ್ಷ ಹಳೆಯದಾದ ಆ ಶ್ರೇಣಿ ಅವರಿಗೆ ದೊರೆತದ್ದು ದುಡಿಯುತ್ತಿದ್ದಾಗಲಲ್ಲ, ಮನೆಗೆ ಹೊರಡುವಾಗ. ಅದೂ ಕಲ್ಪನೆಯ ರೂಪದಲ್ಲಿ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಎಲ್ಲರೂ ಬಲ್ಲರು. ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಿಕ್ಕಿದ್ದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ಹಿಂದಕ್ಕೆ ಕಳುಹಿದಳು. ಇದನ್ನು ನಾವು ಬಡವರಿಗೆ ಸಂತೃಪ್ತಿಯ ಪಾಠವಾಗಿ ಹೇಳುತ್ತ ಬಂದಿದ್ದೇವೆ. ಆದರೆ ಅಲ್ಲಿರುವುದು ಅಳತೆಯ ಪ್ರಶ್ನೆ. ಸಲ್ಲದ್ದನ್ನು ಮನೆಗೆ ತರುವುದು ತಪ್ಪಾದರೆ, ಸಲ್ಲಬೇಕಾದುದನ್ನು ಖಜಾನೆಯಲ್ಲಿ ಉಳಿಸಿಕೊಳ್ಳುವುದೂ ತಪ್ಪೇ ಅಲ್ಲವೆ? ಲಕ್ಕಮ್ಮನ ಮನೆಯಲ್ಲಿ ನಾಳೆಗೆಂದು ಏನೂ ಇರಲಿಲ್ಲ. ಆದರೂ ಮಿಕ್ಕ ಅಕ್ಕಿ ಅಂದೇ ಮರಳಿತು, ಒಂಬತ್ತು ವರ್ಷ ಕಾಯಲಿಲ್ಲ.

ಮುಂದಿನ ಜಯಂತಿಗೆ ಕಾರ್ಖಾನೆಗಳಿಗೆ ಉಪನ್ಯಾಸಕ್ಕೆಂದು ತೆರಳುವ ಬಂಧುಗಳಲ್ಲಿ ಒಂದು ವಿನಂತಿ. ಲಕ್ಕಮ್ಮನ ಕಥೆಯನ್ನು ಅವಶ್ಯ ಹೇಳಿರಿ. ಹೇಳುವಾಗ ಮುಂದಿನ ಸಾಲಿನಲ್ಲಿ ಕುಳಿತ ಆಡಳಿತವರ್ಗದವರ ಕಡೆಗೂ ತುಸು ಮುಖ ತಿರುಗಿಸಿರಿ. ವೇದಿಕೆ ಏರುವ ಮೊದಲು, ಅಲ್ಲಿಯ ಗುತ್ತಿಗೆ ನೌಕರರಿಗೆ ಹೋದ ತಿಂಗಳ ಕೂಲಿ ಸಂದಿದೆಯೇ ಎಂದು ವಿಚಾರಿಸಿಕೊಳ್ಳಿರಿ.